ಹೂವಿನೊಡನೆ ನಾರು ಎಷ್ಟು ದೂರ?

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂಬ ಗಾದೆ ಮಕ್ಕಳಿಗೂ ಗೊತ್ತು. ಅಮೆರಿಕದ ರಾಜಕೀಯದಲ್ಲಿ ಇದಕ್ಕೆ ಕೋಟಿನ ಬಾಲ ಹಿಡಿದು ಹೋಗುವುದು ಎನ್ನುತ್ತಾರೆ. ಹಳೆಯ ಮಾತೇ ಇದು. 1848ರಲ್ಲಿ, ಇನ್ನೂ ಅಧ್ಯಕ್ಷರಾಗಿರದ ಅಬ್ರಹಾಂ ಲಿಂಕನ್ ಕೋಟಿನ ಬಾಲವನ್ನು ಮುಂದಿಟ್ಟುಕೊಂಡು ಸದನದಲ್ಲಿ ಎದುರಾಳಿಗಳನ್ನು ಗೇಲಿ ಮಾಡಿದ್ದರು.

ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು. ಅದರ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನ, ಸೆನೆಟ್‌ನಲ್ಲಿ 100. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಆರಿಸುವ ದಿನವೇ ಪ್ರತಿನಿಧಿ ಸಭೆಯ ಎಲ್ಲ ಸ್ಥಾನಗಳಿಗೂ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಮತದಾನ ನಡೆಯುತ್ತದೆ. ಮತದಾರ ಅಧ್ಯಕ್ಷರಿಗೆ ಒಂದು ಪಕ್ಷ, ಸಂಸತ್ತಿಗೆ ಇನ್ನೊಂದು ಪಕ್ಷ ಎಂದು ಆರಿಸಬಹುದು.

ಹಾಗಾದರೆ ಅಧ್ಯಕ್ಷ ಪದವಿಯ ಅಭ್ಯರ್ಥಿ ತನ್ನ ಪಕ್ಷದವರನ್ನು ಎಷ್ಟು ದೂರ ಎಳೆದೊಯ್ಯಬಲ್ಲ?

ಎರಡು ದೊಡ್ಡ ಗೆಲುವುಗಳನ್ನು ನೋಡಿ. 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್ ಭಾರಿ ಜಯ ಗಳಿಸಿದರು. ಪ್ರತಿನಿಧಿ ಸಭೆಯಲ್ಲಿ ಅವರ ಪಕ್ಷಕ್ಕೆ 37 ಸ್ಥಾನ ಹೆಚ್ಚಾಗಿ ಬಲ 295ಕ್ಕೆ ಏರಿತು. ಮರುವರ್ಷವೇ ವೃದ್ಧರ ಆರೋಗ್ಯ ವಿಮೆಯ ಮೆಡಿಕೇರ್ ಹಾಗೂ ಕರಿಯರ ಮತದಾನದ ಹಕ್ಕನ್ನು ಕಾಪಾಡುವ ಕಾಯಿದೆ ಬಂದವು. 1972ರಲ್ಲಿ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಆದರೆ ಪ್ರತಿನಿಧಿ ಸಭೆಯಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು 12 ಸ್ಥಾನ ಮಾತ್ರ. ಸೆನೆಟ್‌ನಲ್ಲಿ 2 ಕೈಬಿಟ್ಟವು. ಎರಡೂ ಸದನಗಳು ಎದುರು ಪಕ್ಷದಲ್ಲೇ ಉಳಿದವು. ಆ ಸಂಸತ್ತೇ ವಾಟರ್‌ಗೇಟ್ ಹಗರಣವನ್ನು ಕೆದಕಿತು. 1974ರ ಆಗಸ್ಟ್‌ನಲ್ಲಿ ನಿಕ್ಸನ್ ರಾಜೀನಾಮೆ ನೀಡಬೇಕಾಯಿತು.

ಹೂವು ಅಷ್ಟು ದೊಡ್ಡದಾದರೂ ನಾರು ಏಕೆ ಮೇಲೇರಲಿಲ್ಲ? ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಬೇರು ಆಳವಾಗಿತ್ತು. ಅಲ್ಲಿನ ಅನೇಕರು ನಿಕ್ಸನ್‌ಗೆ ಮತ ಕೊಟ್ಟರೂ ತಮಗೆ ಪರಿಚಿತನಾದ, ಊರಿನ ಕೆಲಸ ಮಾಡಿಕೊಟ್ಟ ಹಳೆಯ ಸದಸ್ಯನನ್ನು ಬಿಡಲಿಲ್ಲ.

ಎಳೆತ ಕೆಲಸ ಮಾಡುವುದು ಇನ್ನೊಂದು ಬಗೆಯಲ್ಲಿ. ಅಧ್ಯಕ್ಷ ಚುನಾವಣೆಯ ಉತ್ಸಾಹಕ್ಕಾಗಿಯೇ ಮತಗಟ್ಟೆಗೆ ಬರುವ ಜನ ಕೆಳಗಿನ ಹೆಸರುಗಳಲ್ಲೂ ಅದೇ ಪಕ್ಷಕ್ಕೆ ಗುರುತು ಹಾಕಿ ಹೋಗುತ್ತಾರೆ. ಎರಡು ವರ್ಷದ ನಂತರದ ಮಧ್ಯಂತರ ಚುನಾವಣೆಯಲ್ಲಿ ಅವರಲ್ಲಿ ಹಲವರು ಮನೆಯಲ್ಲೇ ಉಳಿಯುತ್ತಾರೆ. ಜೊತೆಗೆ ಆಡಳಿತದ ಮೇಲಿನ ಬೇಸರವೂ ಸೇರುತ್ತದೆ. ಜಾನ್ಸನ್ ಪಕ್ಷ 1966ರಲ್ಲಿ 47 ಸ್ಥಾನ ಕಳೆದುಕೊಂಡದ್ದು ಹೀಗೆ.

ಆದರೆ ವಿಜ್ಞಾನದ ಪಾಠದಂತೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಎರಡು ವಸ್ತು ಒಟ್ಟಿಗೆ ಚಲಿಸಿದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೆಯಿತು ಎನ್ನಲಾಗದು. ಒಂದೇ ಗಾಳಿ ಎರಡನ್ನೂ ತೂರಿರಬಹುದು. 2008ರಲ್ಲಿ ಬರಾಕ್ ಒಬಾಮ ಗೆದ್ದಾಗ ಅವರ ಪಕ್ಷವೂ ಮುಂದೆ ಬಂತು. ಆದರೆ ಬ್ಯಾಂಕುಗಳು ಕುಸಿದ ಆ ವರ್ಷ ಆಳುವ ಪಕ್ಷದ ಮೇಲೆ ಜನರಿಗೆ ಸಿಟ್ಟಿತ್ತು. ಇದರಲ್ಲಿ ಒಬಾಮ ಅವರ ಪಾಲೆಷ್ಟು, ಸಿಟ್ಟಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಈಗ ಮತ ಹಂಚುವವರು ಕಡಿಮೆ. 2016ರಲ್ಲಿ ಸೆನೆಟ್ ಸ್ಪರ್ಧೆ ನಡೆದ 34 ರಾಜ್ಯಗಳಲ್ಲೂ ಎರಡು ಗೆಲುವುಗಳು ಒಂದೇ ಪಕ್ಷಕ್ಕೆ ಸಂದವು. ಹಾಗೆಂದು ಹಳೆಯ ಅಭ್ಯಾಸ ಸತ್ತಿಲ್ಲ. 2020ರಲ್ಲಿ ಜೋ ಬೈಡನ್ ಗೆದ್ದರೂ ಪ್ರತಿನಿಧಿ ಸಭೆಯಲ್ಲಿ ಅವರ ಪಕ್ಷದ ಬಲ ಕುಗ್ಗಿತು. 2024ರಲ್ಲಿ ಅರಿಜೋನ, ಮಿಷಿಗನ್, ನೆವಾಡ, ವಿಸ್ಕಾನ್ಸಿನ್ ರಾಜ್ಯಗಳು ಡೊನಾಲ್ಡ್ ಟ್ರಂಪ್ ಅವರನ್ನು ಆರಿಸಿದರೂ ಸೆನೆಟ್‌ಗೆ ಕಳಿಸಿದ್ದು ಡೆಮಾಕ್ರಟಿಕ್ ಪಕ್ಷದವರನ್ನು.

ವಿದ್ಯಾರ್ಥಿಗಳು ಮುಂದಿನ ಫಲಿತಾಂಶ ಬಂದಾಗ ಒಂದು ಪ್ರಯೋಗ ಮಾಡಬಹುದು. ಒಂದೇ ಕ್ಷೇತ್ರದಲ್ಲಿ ಅಧ್ಯಕ್ಷರಿಗೆ ಬಿದ್ದ ಮತ, ಅದೇ ಪಕ್ಷದ ಸದಸ್ಯನಿಗೆ ಬಿದ್ದ ಮತ, ಎರಡನ್ನೂ ಅಕ್ಕಪಕ್ಕ ಬರೆಯಲಿ. ಕೆಲವು ಕಡೆ ನಾರಿಗೇ ಹೂವಿಗಿಂತ ಹೆಚ್ಚು ಮತ ಬಿದ್ದಿರುವುದು ಕಾಣುತ್ತದೆ. ಗಾದೆ ಸುಳ್ಳಲ್ಲ, ಆದರೆ ಎಲ್ಲ ನಾರಿಗೂ ಹೂವೇ ಆಸರೆಯಲ್ಲ.