ರಂಗಶಿಕ್ಷಣ: ಕಂಪನಿಯ ತಾಲೀಮಿನಿಂದ ವಿಶ್ವವಿದ್ಯಾಲಯದ ಪದವಿಯವರೆಗೆ

ನಾಟಕವನ್ನು ಓದಿ ಅರ್ಥ ಮಾಡಿಕೊಳ್ಳುವುದು, ಅಭಿನಯಿಸುವುದು, ನಿರ್ದೇಶಿಸುವುದು, ರಂಗಸಜ್ಜಿಕೆ ಕಟ್ಟುವುದು, ಬೆಳಕು ಬಿಡುವುದು, ಬಣ್ಣ ಹಚ್ಚುವುದು, ಕೊನೆಗೆ ಇದನ್ನೆಲ್ಲ ಇನ್ನೊಬ್ಬರಿಗೆ ಕಲಿಸುವುದು. ಈ ಎಲ್ಲ ಕಲಿಕೆಗೂ ರಂಗಶಿಕ್ಷಣವೆಂಬ ಒಂದೇ ಹೆಸರು. ಕರ್ನಾಟಕದವರಿಗೆ ಇದಕ್ಕೆ ಇಂದು ಮೂರು ದಾರಿಗಳಿವೆ: ಒಂದು ವರ್ಷದ ಡಿಪ್ಲೊಮಾ ಕೊಡುವ ರಂಗಶಾಲೆ, ಪದವಿ ಮತ್ತು ಸ್ನಾತಕೋತ್ತರ ಪದವಿ ಕೊಡುವ ವಿಶ್ವವಿದ್ಯಾಲಯ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮೂರರಲ್ಲೂ ಕಲಿಸುವ ಕ್ರಮ ಬೇರೆ, ಓದಿದವರಿಗೆ ಸಿಗುವ ಫಲವೂ ಬೇರೆ.

ಕಂಪನಿ ಮತ್ತು ಜಾತ್ರೆಯ ನಾಟಕ

ಈ ದಾರಿಗಳು ತೆರೆಯುವ ಮುಂಚೆ ನಾಟಕ ಕಲಿಸುತ್ತಿದ್ದುದು ಕಂಪನಿ ಮತ್ತು ಜಾತ್ರೆ. ದಾವಣಗೆರೆ, ಹರಿಹರದ ಸೀಮೆಯನ್ನೇ ನೋಡಿದರೆ, ಅಲ್ಲಿಗೆ ನಾಟಕ ಹೊಸದಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯ ಹೆಸರನ್ನು ನಾಡಿನ ಉದ್ದಗಲಕ್ಕೂ ಒಯ್ದಿತು. ಅವರ ಮಗಳು ಚಿಂದೋಡಿ ಲೀಲಾ ಬಾಲ್ಯದಲ್ಲೇ ರಂಗ ಹತ್ತಿ, ಕಂಪನಿಯಲ್ಲೇ ಬೆಳೆದು, 1988ರಲ್ಲಿ ಪದ್ಮಶ್ರೀ ಪಡೆದರು. ಅವರಂಥ ಕಲಾವಿದರಿಗೆ ಕಂಪನಿಯೇ ಶಾಲೆ. ಚಿಕ್ಕಂದಿನಲ್ಲಿ ಬಾಲಪಾತ್ರ, ಆಮೇಲೆ ಸಖಿಯ ಪಾತ್ರ, ಹಿರಿಯ ನಟಿಗೆ ಹುಷಾರಿಲ್ಲದ ದಿನ ನಾಯಕಿಯ ಪಾತ್ರ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಕಲಿಯುವುದು ಅಲ್ಲಿನ ರೂಢಿ. ಹಾಡು, ಮಾತು, ನಡಿಗೆ ಎಲ್ಲವೂ ದಿನನಿತ್ಯದ ಪ್ರದರ್ಶನದಲ್ಲೇ ಹದಗೊಳ್ಳುತ್ತಿದ್ದವು. ಪರೀಕ್ಷೆ ನಡೆಸುತ್ತಿದ್ದವರು ಟಿಕೆಟ್ ಕೊಂಡು ಕೂತ ಪ್ರೇಕ್ಷಕರು.

ಹಳ್ಳಿಗಳಲ್ಲಿ ಈ ಕಲಿಕೆ ಇನ್ನೊಂದು ರೂಪದಲ್ಲಿ ಉಳಿದಿದೆ. ಹರಿಹರ ತಾಲ್ಲೂಕಿನ ಕೊಕ್ಕನೂರಿನ ಸುತ್ತಲಿನ ಸೀಮೆಯಲ್ಲಿ ಜಾತ್ರೆ, ಹಬ್ಬಗಳಿಗೆ ಊರ ಹುಡುಗರು ಸೇರಿ ಪೌರಾಣಿಕವೋ ಸಾಮಾಜಿಕವೋ ಒಂದು ನಾಟಕ ಆಡುವುದುಂಟು. ಹಾರ್ಮೋನಿಯಂ ಮಾಸ್ತರರನ್ನು ಗೊತ್ತುಮಾಡಿ ಕೆಲವು ವಾರಗಳ ಮುಂಚೆಯೇ ರಾತ್ರಿ ಹೊತ್ತು ತಾಲೀಮು ಶುರುವಾಗುತ್ತದೆ. ಪಾತ್ರಧಾರಿಯ ಕೈಗೆ ಪೂರ್ತಿ ಪುಸ್ತಕ ಸಿಗುವುದು ಅಪರೂಪ. ತನ್ನ ಮಾತುಗಳನ್ನೂ, ಪ್ರತಿ ಮಾತಿಗೆ ಮುಂಚೆ ಎದುರಿನವನು ಆಡುವ ಕೊನೆಯ ಪದವನ್ನೂ ಅವನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾನೆ. ಆ ಪದ ಕಿವಿಗೆ ಬಿದ್ದ ಕೂಡಲೇ ತನ್ನ ಮಾತು ಎತ್ತಬೇಕು. ಮಾಸ್ತರರು ಹೇಳಿಕೊಟ್ಟ ಧಾಟಿಯಲ್ಲೇ ಹೇಳಬೇಕು, ಅವರು ತೋರಿಸಿದ ಕಡೆಯಲ್ಲೇ ನಿಲ್ಲಬೇಕು. ಸೀನರಿ, ವೇಷಭೂಷಣ ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಕ್ಕೆ ಹೊರಗಿನ ಕಲಾವಿದೆಯರು ಬರುತ್ತಾರೆ.

ಗಟ್ಟಿ ದನಿ, ಚುರುಕಾದ ನೆನಪು, ತುಂಬಿದ ಸಭೆಯ ಮುಂದೆ ನಿಲ್ಲುವ ಧೈರ್ಯ ಈ ಕ್ರಮದಿಂದ ಬರುತ್ತವೆ. ಆದರೆ ಹೀಗೆ ಕಲಿತವನಿಗೆ ನಾಟಕದ ಒಂದು ಎಳೆ ಮಾತ್ರ ಗೊತ್ತಿರುತ್ತದೆ. ಪಾತ್ರ ಯಾಕೆ ಹಾಗೆ ಮಾತನಾಡುತ್ತದೆ, ದೃಶ್ಯಗಳು ಯಾಕೆ ಈ ಸರದಿಯಲ್ಲಿವೆ, ಇದೇ ನಾಟಕವನ್ನು ಬೇರೆ ರೀತಿಯಲ್ಲಿ ಆಡಬಹುದೇ ಎಂಬ ಪ್ರಶ್ನೆಗಳಿಗೆ ತಾಲೀಮಿನಲ್ಲಿ ಪುರಸೊತ್ತಿಲ್ಲ. ಶಿಸ್ತುಬದ್ಧ ರಂಗಶಿಕ್ಷಣ ಕೈ ಹಾಕಿದ್ದು ಈ ಪ್ರಶ್ನೆಗಳಿಗೆ.

ರಂಗಶಾಲೆಗಳು

ಸಂಗೀತ ನಾಟಕ ಅಕಾಡೆಮಿ 1959ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆಯನ್ನು ಸ್ಥಾಪಿಸಿತು. 1975ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಕನ್ನಡದ ಆಧುನಿಕ ರಂಗಭೂಮಿಯ ಬಹುಪಾಲು ಈ ಶಾಲೆಯ ಋಣದಲ್ಲಿದೆ. ಬಾಲಕನಾಗಿ ಗುಬ್ಬಿ ನಾಟಕ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ಅಲ್ಲಿ ಓದಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಕಂಪನಿಯ ಅಂಗಳದಿಂದ ಅಲ್ಲಿಗೆ ಹೋಗಿ ಓದಿದವರು. ಕಂಪನಿಯ ಹಾಡು, ಲಯಗಳನ್ನು ಬಿಟ್ಟುಕೊಡದೆ ಹೊಸ ನಾಟಕ ಕಟ್ಟಲು ಇವರಿಬ್ಬರಿಗೂ ಸಾಧ್ಯವಾದದ್ದು ಎರಡೂ ಶಾಲೆಗಳ ಪಾಠ ಕೈಯಲ್ಲಿದ್ದುದರಿಂದ.

ಇಂಥ ಶಿಕ್ಷಣ ಹಳ್ಳಿಯಲ್ಲೂ ಸಾಧ್ಯವೆಂದು ತೋರಿಸಿದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1949ರಲ್ಲಿ ಹುಟ್ಟಿದ ಅವರ ನಾಟಕ ಸಂಘ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಿಂದ ಅದರ ತಿರುಗಾಟ ತಂಡ ಊರೂರಿಗೆ ನಾಟಕ ಒಯ್ಯುತ್ತಿದೆ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1989ರಲ್ಲಿ ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣವೆಂಬ ನಾಟಕ ಸಂಸ್ಥೆಯೂ ಮುಂದೆ ಭಾರತೀಯ ರಂಗಶಿಕ್ಷಣ ಕೇಂದ್ರವನ್ನು ತೆರೆದು ಡಿಪ್ಲೊಮಾ ಕೊಡತೊಡಗಿತು.

ದಾವಣಗೆರೆ ಕಡೆಯವರಿಗೆ ಹತ್ತಿರದ ರಂಗಶಾಲೆ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಅಲ್ಲಿನ ತರಳಬಾಳು ಶಾಖಾಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡ ಕಟ್ಟಿದರು. ಮುಂದೆ ಶಿವಕುಮಾರ ರಂಗಪ್ರಯೋಗ ಶಾಲೆ ಶುರುವಾಯಿತು. ವರ್ಷಕ್ಕೆ ಮೂರು ನಾಟಕ ಹೊತ್ತು ತಂಡ ರಾಜ್ಯ ಸುತ್ತುತ್ತದೆ. ಶಾಲೆಯಲ್ಲಿ ಕಲಿತವರಿಗೆ ತಂಡ ಸೇರುವ ಅವಕಾಶವಿರುವುದರಿಂದ ಕಲಿಕೆ ಮತ್ತು ದುಡಿಮೆಯ ನಡುವಿನ ಅಂತರ ಇಲ್ಲಿ ಕಡಿಮೆ. ಬಯಲು ರಂಗಮಂದಿರದಲ್ಲಿ ಪ್ರತಿ ವರ್ಷ ನಡೆಯುವ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಬಂದು ಸೇರುತ್ತಾರೆ.

ಈ ರಂಗಶಾಲೆಗಳ ದಿನಚರಿ ಹೆಚ್ಚುಕಡಿಮೆ ಒಂದೇ ಬಗೆ. ವಿದ್ಯಾರ್ಥಿಗಳು ಅಲ್ಲೇ ಉಳಿದು ಕಲಿಯುತ್ತಾರೆ. ಬೆಳಿಗ್ಗೆ ಯೋಗ, ಕಳರಿ ಅಥವಾ ಬೇರೆ ದೇಹಾಭ್ಯಾಸ, ಧ್ವನಿ ಸಾಧನೆ. ಬಳಿಕ ನಾಟಕ ಚರಿತ್ರೆ ಮತ್ತು ನಾಟಕ ಪಠ್ಯದ ತರಗತಿ. ಮಧ್ಯಾಹ್ನ ಪ್ರಸಾಧನ, ಬೆಳಕು, ರಂಗಸಜ್ಜಿಕೆಯ ಕೆಲಸ. ಸಂಜೆಯಿಂದ ರಾತ್ರಿಯವರೆಗೆ ತಾಲೀಮು. ವರ್ಷ ಮುಗಿಯುವುದರೊಳಗೆ ಯಕ್ಷಗಾನ ಅಥವಾ ಮೂಡಲಪಾಯದಂಥ ಜಾನಪದ ಪ್ರಕಾರವನ್ನೂ, ಆಧುನಿಕ ಕನ್ನಡ ನಾಟಕವನ್ನೂ, ಹೊರಗಿನ ಭಾಷೆಯ ಅನುವಾದವನ್ನೂ ರಂಗದ ಮೇಲೆ ಮಾಡಿ ನೋಡುವಂತೆ ಪಾಠಗಳನ್ನು ಜೋಡಿಸುತ್ತಾರೆ. ಕಸ ಗುಡಿಸುವುದರಿಂದ ಪರದೆ ಕಟ್ಟುವವರೆಗೆ ರಂಗದ ಕೆಲಸವೆಲ್ಲ ವಿದ್ಯಾರ್ಥಿಗಳದ್ದೇ.

ವಿಶ್ವವಿದ್ಯಾಲಯಗಳಲ್ಲಿ ನಾಟಕ

ನಾಟಕವನ್ನು ವಿಶ್ವವಿದ್ಯಾಲಯದ ವಿಷಯವಾಗಿ ಒಪ್ಪಿಕೊಳ್ಳಲು ಎಲ್ಲ ಕಡೆಯೂ ಕಾಲ ಹಿಡಿಯಿತು. ಅಮೆರಿಕದ ಕಾರ್ನೆಗಿ ತಾಂತ್ರಿಕ ಸಂಸ್ಥೆ 1914ರಲ್ಲಿ ನಾಟಕದಲ್ಲಿ ಪದವಿ ಶಿಕ್ಷಣ ಶುರುಮಾಡಿತು. ಬ್ರಿಟನ್ನಿನ ಮೊದಲ ನಾಟಕ ವಿಭಾಗ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ತೆರೆದದ್ದು 1947ರಲ್ಲಿ. ಸಾಹಿತ್ಯ ವಿಭಾಗದಲ್ಲಿ ನಾಟಕವನ್ನು ಓದಿದರೆ ಸಾಲದೇ, ಆಡುವುದಕ್ಕೆ ಅಂಕ ಕೊಡುವುದು ಹೇಗೆ ಎಂಬ ಅನುಮಾನ ಅಲ್ಲೂ ಇತ್ತು, ಇಲ್ಲೂ ಇತ್ತು.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಸಂಗೀತ, ನೃತ್ಯದ ಜೊತೆಗೆ ನಾಟಕವನ್ನೂ ಪಾಠಪಟ್ಟಿಗೆ ತಂದಿತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದ ಸಿಂಧುವಳ್ಳಿ ಅನಂತಮೂರ್ತಿ ಅಲ್ಲಿ ಅಧ್ಯಾಪಕರಾಗಿದ್ದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ ನೃತ್ಯ, ನಾಟಕ, ಸಂಗೀತಕ್ಕೆ ಪ್ರತ್ಯೇಕ ವಿಭಾಗವಿದೆ. 2009ರ ಕಾಯ್ದೆಯ ಮೂಲಕ ರೂಪುಗೊಂಡ, ಗಂಗೂಬಾಯಿ ಹಾನಗಲ್ ಅವರ ಹೆಸರಿನ ಮೈಸೂರಿನ ವಿಶ್ವವಿದ್ಯಾಲಯವಂತೂ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಮೀಸಲು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಬಯಲಾಟದಂಥ ಕಲೆಗಳ ಅಧ್ಯಯನಕ್ಕೆ ಆಸಕ್ತರನ್ನು ಸೆಳೆಯುತ್ತದೆ. ಹೊರರಾಜ್ಯಗಳಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆ, ಪುದುಚೇರಿ ವಿಶ್ವವಿದ್ಯಾಲಯ, ಕೇರಳದ ತ್ರಿಶೂರಿನ ಸ್ಕೂಲ್ ಆಫ್ ಡ್ರಾಮಾ ಹೆಸರು ಮಾಡಿವೆ.

ರಂಗಸಜ್ಜಿಕೆಯ ಕಡೆ ಒಲವಿದ್ದವರಿಗೆ ದಾವಣಗೆರೆಯಲ್ಲೇ ಒಂದು ಬಾಗಿಲಿದೆ. 1964ರಲ್ಲಿ ಚಿತ್ರಕಲಾ ಶಾಲೆಯಾಗಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿರುವ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚಿತ್ರ, ಶಿಲ್ಪ ಕಲಿತ ಕೈ ರಂಗದ ಕೆಲಸಕ್ಕೂ ಒದಗುತ್ತದೆ. ವೃತ್ತಿ ರಂಗಭೂಮಿಗಾಗಿಯೇ ಒಂದು ರಂಗಾಯಣ ದಾವಣಗೆರೆಗೆ ಬಂದಿರುವುದರಿಂದ ಕಂಪನಿ ನಾಟಕದ ವಿದ್ಯೆಯನ್ನು ಹತ್ತಿರದಿಂದ ನೋಡುವ ಅವಕಾಶವೂ ಹೆಚ್ಚಿದೆ.

ತರಗತಿಯ ಪಾಠ

ಪದವಿಯ ಪಠ್ಯ ಭರತನ ನಾಟ್ಯಶಾಸ್ತ್ರದಿಂದ ಶುರುವಾಗುತ್ತದೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂಬ ನಾಲ್ಕು ಬಗೆಯ ಅಭಿನಯ ಮೊದಲ ಪಾಠ. ಗ್ರೀಕ್ ನಾಟಕ, ಶೇಕ್ಸ್‌ಪಿಯರ್, ಪಾರ್ಸಿ ರಂಗಭೂಮಿ, ರಷ್ಯಾದ ಸ್ಟಾನಿಸ್ಲಾವ್‌ಸ್ಕಿ, ಜರ್ಮನಿಯ ಬ್ರೆಕ್ಟ್ ಒಂದು ಕಡೆ. ಕನ್ನಡದ ನಾಟಕಕಾರರಾದ ಸಂಸ, ಕೈಲಾಸಂ, ಶ್ರೀರಂಗ, ಲಂಕೇಶ್, ಕಾರ್ನಾಡ್, ಕಂಬಾರ ಇನ್ನೊಂದು ಕಡೆ.

ಓದು ಮತ್ತು ಪ್ರಯೋಗ ಕೂಡುವ ಬಗೆಗೆ ಗಿರೀಶ ಕಾರ್ನಾಡರ 1964ರ ‘ತುಘಲಕ್’ ಒಳ್ಳೆಯ ಉದಾಹರಣೆ. ಅದರಲ್ಲಿ ಬೀದಿಯ ದೃಶ್ಯ, ಅರಮನೆಯ ದೃಶ್ಯ ಒಂದಾದ ಮೇಲೊಂದರಂತೆ ಬರುತ್ತವೆ. ಈ ಕಟ್ಟು ಪಾರ್ಸಿ ಕಂಪನಿಗಳದ್ದು. ಮುಂದೆ ಬೀದಿಯ ಪರದೆ ಇಳಿಬಿಟ್ಟು, ಹಾಸ್ಯಪಾತ್ರಗಳು ರಂಗದ ಅಂಚಿನಲ್ಲಿ ಮಾತನಾಡುತ್ತಿರುವಾಗ ಅದರ ಹಿಂದೆ ಸದ್ದಿಲ್ಲದೆ ಅರಮನೆಯ ಸಜ್ಜಿಕೆ ಸಿದ್ಧವಾಗುತ್ತಿತ್ತು. ಪರದೆ ಮೇಲೆ ಹೋದರೆ ಸಿಂಹಾಸನ ತಯಾರು. ಕೆಲಸದ ಅನುಕೂಲಕ್ಕೆಂದು ಹುಟ್ಟಿದ ಈ ಉಪಾಯವನ್ನು ಕಾರ್ನಾಡರು ಅರ್ಥಕ್ಕೆ ದುಡಿಸಿಕೊಂಡರು. ಸುಲ್ತಾನ ತುಘಲಕನ ಕನಸು ಅರಮನೆಯಲ್ಲಿ, ಅದರ ಪರಿಣಾಮ ಬೀದಿಯಲ್ಲಿ. ಬರಬರುತ್ತ ಎರಡರ ನಡುವಿನ ಗೆರೆ ಅಳಿಸುತ್ತದೆ. ಬೀದಿಯ ವೇಷಗಾರ ಅರಮನೆಯೊಳಕ್ಕೆ ಬಂದು ನಿಲ್ಲುತ್ತಾನೆ. ಕಂಪನಿಯ ನಟನಿಗೆ ಪರದೆ ಯಾವಾಗ ಏಳುತ್ತದೆಂದು ಗೊತ್ತು. ರಂಗಶಿಕ್ಷಣದ ವಿದ್ಯಾರ್ಥಿ ಆ ಪರದೆಯಿಂದ ನಾಟಕಕಾರ ಏನು ಸಾಧಿಸಿದ ಎಂಬುದನ್ನೂ ಕಲಿಯಬೇಕು, ಸರಿಯಾದ ಹೊತ್ತಿಗೆ ಪರದೆ ಎತ್ತುವುದನ್ನೂ ಕಲಿಯಬೇಕು.

ಬೆಳಕಿನ ಪಾಠವೂ ಹೀಗೆಯೇ. ಎದುರಿನಿಂದ ಒಂದೇ ದೀಪ ಬಿಟ್ಟರೆ ನಟನ ಮುಖ ಚಪ್ಪಟೆಯಾಗಿ ಕಾಣುತ್ತದೆ, ನೇರ ಮೇಲಿನಿಂದ ಬಿಟ್ಟರೆ ಕಣ್ಣು ನೆರಳಿನಲ್ಲಿ ಮುಳುಗುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟಾನ್ಲಿ ಮೆಕ್ಯಾಂಡ್ಲೆಸ್ ಇದಕ್ಕೊಂದು ಕ್ರಮ ರೂಪಿಸಿ 1932ರಲ್ಲಿ ಪುಸ್ತಕ ಬರೆದರು. ಎಡಬಲಗಳಿಂದ, ಮೇಲ್ಗಡೆ ಸುಮಾರು 45 ಡಿಗ್ರಿ ಕೋನದಲ್ಲಿ ಎರಡು ದೀಪ. ಒಂದಕ್ಕೆ ಬೆಚ್ಚಗಿನ ಬಣ್ಣ, ಇನ್ನೊಂದಕ್ಕೆ ತಣ್ಣನೆಯ ಬಣ್ಣ. ಆಗ ಮುಖದ ಉಬ್ಬುತಗ್ಗು ಎದ್ದು ಕಾಣುತ್ತದೆ. ವಿದ್ಯಾರ್ಥಿಗಳು ಒಬ್ಬರನ್ನು ರಂಗದ ನಡುವೆ ನಿಲ್ಲಿಸಿ, ದೀಪಗಳನ್ನು ಅತ್ತಿತ್ತ ಸರಿಸಿ ಇದನ್ನು ಕಣ್ಣಾರೆ ಕಂಡುಕೊಳ್ಳುತ್ತಾರೆ.

ಪ್ರವೇಶದ ಬಗೆ

ರಂಗಶಾಲೆಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ ಅರ್ಜಿ ಕರೆದು, ಸಂದರ್ಶನ ನಡೆಸಿ ಸಣ್ಣ ತಂಡವೊಂದನ್ನು ಆರಿಸುತ್ತವೆ. ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗೆ ಯಾವುದೇ ವಿಷಯದಲ್ಲಿ ಪದವಿ ಆಗಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವಕ್ಕೆ ದಾಖಲೆ ಇರಬೇಕು. ಮೊದಲ ಸುತ್ತಿನ ಆಯ್ಕೆಯಲ್ಲಿ ಗೆದ್ದವರು ಕೊನೆಯ ಸುತ್ತಿಗೆ ಕೆಲವು ದಿನಗಳ ಕಾರ್ಯಾಗಾರದಲ್ಲಿ ಪಾಲ್ಗೊಳ್ಳಬೇಕು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನವಿದೆ. ಇದೇ ಶಾಲೆಯ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ಕೋರ್ಸ್ ನಡೆಯುತ್ತದೆ.

ಸಂದರ್ಶನದಲ್ಲಿ ಒಂದು ಸಂಭಾಷಣೆ, ಒಂದು ಹಾಡು, ಒಂದಷ್ಟು ಚಲನೆ ಕೇಳುವುದು ವಾಡಿಕೆ. ಸಿನಿಮಾ ನಟರ ಅನುಕರಣೆಗಿಂತ ಊರಿನಲ್ಲಿ ಕಲಿತ ಭಜನೆ, ಕೋಲಾಟ, ಡೊಳ್ಳು, ಬಯಲಾಟದ ಹೆಜ್ಜೆಗಳಿಗೆ ಅಲ್ಲಿ ಬೆಲೆ ಹೆಚ್ಚು. ಜಾತ್ರೆ ನಾಟಕದಲ್ಲಿ ಪಾತ್ರ ಮಾಡಿದ್ದು, ದಾವಣಗೆರೆಯ ಹವ್ಯಾಸಿ ತಂಡದಲ್ಲಿ ದುಡಿದದ್ದು ಅನುಭವದ ಲೆಕ್ಕಕ್ಕೆ ಬರುತ್ತವೆ. ಅವುಗಳ ಕರಪತ್ರ, ಫೋಟೊ ಇಟ್ಟುಕೊಂಡಿರುವುದು ಜಾಣತನ.

ಓದಿದ ಮೇಲೆ

ರಂಗಭೂಮಿಯನ್ನೇ ನಂಬಿ ತಿಂಗಳ ಸಂಬಳ ಕಾಣುವವರು ಕಡಿಮೆ ಎಂಬುದು ವಾಸ್ತವ. ತಿರುಗಾಟ, ಶಿವಸಂಚಾರ, ರಂಗಾಯಣಗಳಲ್ಲಿ ಸ್ಥಾನ ಕೆಲವರಿಗೆ ಮಾತ್ರ. ಕಿರುತೆರೆ, ಸಿನಿಮಾ, ಕಂಠದಾನದ ಕಡೆ ಹೋಗುವವರು ಬಹಳ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವುದು, ಬೇಸಿಗೆ ಶಿಬಿರ ನಡೆಸುವುದು, ಬೆಳಕು ಮತ್ತು ಪ್ರಸಾಧನದ ಕೆಲಸ ಹಿಡಿಯುವುದು ಇನ್ನು ಕೆಲವರ ಜೀವನೋಪಾಯ. ರಾಜ್ಯ ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿಕೊಂಡದ್ದೂ ಉಂಟು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗಾಗಿ ಇದ್ದು, ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುತ್ತದೆ. ರಂಗಭೂಮಿಯೂ ಅದರ ವ್ಯಾಪ್ತಿಯಲ್ಲಿದೆ.

ದಾರಿ ಆರಿಸುವಾಗ ಗುರಿ ಮೊದಲು ನಿಶ್ಚಯವಾಗಬೇಕು. ರಂಗದ ಮೇಲೆ ದುಡಿಯುವ ಹಂಬಲವಿದ್ದರೆ ರಂಗಶಾಲೆಯ ವರ್ಷವಿಡೀ ತಾಲೀಮಿಗೆ ಸಾಟಿಯಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ, ಸಂಶೋಧನೆ ನಡೆಸುವ ಇರಾದೆಯಿದ್ದರೆ ಸ್ನಾತಕೋತ್ತರ ಪದವಿ ಬೇಕು, ಯುಜಿಸಿಯ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯೂ ಎದುರಿಗಿರುತ್ತದೆ. ಅದರಲ್ಲಿ ನಾಟಕಕ್ಕೆ ಪ್ರದರ್ಶಕ ಕಲೆಗಳ ವಿಷಯಪತ್ರಿಕೆಯಿದೆ. ಮೊದಲು ಯಾವುದಾದರೊಂದು ಪದವಿ ಮುಗಿಸಿ, ಆಮೇಲೆ ಡಿಪ್ಲೊಮಾ ಮಾಡಿ, ಒಂದೆರಡು ವರ್ಷ ತಂಡದಲ್ಲಿ ಸುತ್ತಿ, ಬಳಿಕ ಸ್ನಾತಕೋತ್ತರಕ್ಕೆ ಸೇರಿದವರಿಗೆ ಎರಡು ಕಡೆಯ ಬಾಗಿಲೂ ತೆರೆದಿರುತ್ತದೆ. ಯಾವ ಕೋರ್ಸಿಗೆ ಸೇರುವುದಾದರೂ ಅದು ಯಾವ ವಿಶ್ವವಿದ್ಯಾಲಯದ ಮಾನ್ಯತೆ ಪಡೆದಿದೆ, ಪ್ರಮಾಣಪತ್ರ ಯಾವ ಹುದ್ದೆಗೆ ಒಪ್ಪಿತ ಎಂಬುದನ್ನು ಶುಲ್ಕ ಕಟ್ಟುವ ಮುಂಚೆಯೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.