ಹಳೇ ಚಿಲಕ ಗುಜರಿಗೆ ಹಾಕೋ ಮುಂಚೆ

ಟಣ್! ಈ ಸದ್ದು ಗೊತ್ತಲ್ವಾ? ತಲೆಬಾಗಿಲ ಸರಪಳಿ ಚಿಲಕ. ಗೋವಿನಕೋವಿ, ನ್ಯಾಮತಿ, ಹೊನ್ನಾಳಿ ಕಡೆಯವರೇ, ಹಳೇ ಮನೆ ಕೆಡವುವಾಗ ತೊಲೆ, ಕಂಬ ಎತ್ತಿಡ್ತೀರಿ. ಚಿಲಕ, ಕೊಂಡಿ, ಬಳೆ ಮಾತ್ರ ಗುಜರಿ ತಕ್ಕಡಿಗೆ. ಸ್ವಲ್ಪ ತಡೀರಿ.

ಮೊದಲು ಅಯಸ್ಕಾಂತ ಹಿಡೀರಿ. ಅಂಟಿದ್ರೆ ಒಳಗೆ ಕಬ್ಬಿಣ. ಅಪ್ಪಟ ಹಿತ್ತಾಳೆ ಅಂದ್ರೆ ತಾಮ್ರ, ಸತುವಿನ ಮಿಶ್ರಣ, ಅದು ಅಂಟಲ್ಲ. ಆಮೇಲೆ ಸ್ಕ್ರೂ ನೋಡಿ. ತಲೆ ಮೇಲೆ ಪ್ಲಸ್ ಗುರುತು ಇದ್ರೆ ಆ ಸ್ಕ್ರೂ ಮುತ್ತಜ್ಜನ ಕಾಲದ್ದಲ್ಲ. ಈ ಪ್ಲಸ್ ತಲೆಯ ಫಿಲಿಪ್ಸ್ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. ಚಿಲಕ ಹಳೇದೇ ಇರಬಹುದು, ಸ್ಕ್ರೂ ಯಾರೋ ಬದಲಿಸಿರ್ತಾರೆ.

ಇನ್ನೂ ಹಳೇ ಕದಕ್ಕೆ ಸ್ಕ್ರೂನೂ ಇಲ್ಲ, ಬಿಜಾಗರಿನೂ ಇಲ್ಲ. ಕದದ ಮರದಲ್ಲೇ ಮೇಲೊಂದು ಕೆಳಗೊಂದು ಗೂಟ ಬಿಟ್ಟು, ಮೇಲಿನ ಚೌಕಟ್ಟಿನ, ಹೊಸ್ತಿಲ ಕುಳಿಗಳಲ್ಲಿ ಕೂರಿಸಿರ್ತಾರೆ. ಕಿರ್ರ್ ಅನ್ನೋದು ಅದೇ. ಕಳ್ಳನಿಗೆ ದೊಡ್ಡ ತಲೆನೋವು!

ತುಕ್ಕಿಗೆ ಸೀಮೆಎಣ್ಣೆ, ಹಿತ್ತಾಳೆಗೆ ಹುಣಸೆಹಣ್ಣು. ಫಳಫಳ ಆಗೋವರೆಗೆ ಮಾತ್ರ ಉಜ್ಜಬೇಡಿ. ಆ ಕಂದು ಬಣ್ಣವೇ ಅದರ ವಯಸ್ಸಿನ ಸಾಕ್ಷಿ.

ಇವಕ್ಕೆ ಬೆಲೆ ಕೊಡೋರೂ ಇದ್ದಾರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರ್ ಮನೆಗಳ ಇಂಥ ಸಾಮಾನಿಗೇ ಅಂಗಡಿ ಸಾಲಿದೆ. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅನ್ನೋರು ಇಡೀ ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದರು.

ನಿಮ್ಮ ಅಟ್ಟದ ಮೇಲೂ ಒಂದು ಚಿಲಕ ಬಿದ್ದಿರಬೇಕು. ಇವತ್ತೇ ಹುಡುಕಿ ನೋಡಿ.