ಚಿಕಿತ್ಸಾ ಮನೋವಿಜ್ಞಾನದ ಉನ್ನತ ವ್ಯಾಸಂಗ ಮತ್ತು ಉದ್ಯೋಗ: ಗ್ರಾಮ ಪಂಚಾಯತಿ ಸದಸ್ಯರಿಗೆ ಮಾಹಿತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ಬೌದ್ಧಿಕ ವೈಕಲ್ಯವುಳ್ಳ ಮಗುವಿಗೆ ಅಂಗವಿಕಲತೆಯ ಪ್ರಮಾಣಪತ್ರ ದೊರೆಯಬೇಕಾದರೆ ಬುದ್ಧಿಮಟ್ಟದ ಪರೀಕ್ಷೆ ನಡೆಯಬೇಕಾಗುತ್ತದೆ. ಪ್ರಮಾಣಪತ್ರವಿಲ್ಲದೆ ಮಾಸಾಶನವಿಲ್ಲ. ಈ ಪರೀಕ್ಷೆಯನ್ನು ನಡೆಸುವ ತಜ್ಞರೇ ಕ್ಲಿನಿಕಲ್ ಸೈಕಾಲಜಿಸ್ಟರು, ಅಂದರೆ ಚಿಕಿತ್ಸಾ ಮನೋವಿಜ್ಞಾನಿಗಳು. ಇವರು ಔಷಧಿ ಬರೆಯುವ ಮನೋವೈದ್ಯರಲ್ಲ. ರೋಗಿಯೊಡನೆ ಮಾತನಾಡಿ, ಮನಸ್ಸಿನ ಸ್ಥಿತಿಯನ್ನು ಅಳೆದು, ಮಾತಿನ ಮೂಲಕವೇ ಚಿಕಿತ್ಸೆ ನೀಡುವವರು. ಆದುದರಿಂದ ರೋಗಿಯ ಭಾಷೆ ಬಲ್ಲವರಿಗೆ ಈ ವೃತ್ತಿಯಲ್ಲಿ ವಿಶೇಷ ಬೆಲೆಯುಂಟು. ಕನ್ನಡ, ಮರಾಠಿ ಎರಡನ್ನೂ ಮನೆಯಲ್ಲಿಯೇ ಕಲಿತು ಬೆಳೆದ ಗಡಿಭಾಗದ ಯುವಜನರಿಗೆ ಇದು ಹೊರಗಿನವರಿಗೆ ಸುಲಭವಾಗಿ ಒದಗದ ಅನುಕೂಲ.

ಈ ವ್ಯಾಸಂಗ ವಿಜ್ಞಾನ ವಿಭಾಗದವರಿಗೆ ಮಾತ್ರ ಎಂಬ ತಿಳಿವಳಿಕೆ ಸರಿಯಲ್ಲ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಓದಿದವರೂ ಬಿ.ಎ.ಯಲ್ಲಿ ಮನಃಶಾಸ್ತ್ರ ಆಯ್ದುಕೊಂಡು ಮುಂದುವರಿಯಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಸ್ನಾತಕೋತ್ತರ ಅಧ್ಯಯನವಿದೆ. ಆದರೆ ಎಂ.ಎ. ಮನಃಶಾಸ್ತ್ರ ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸು ಮುಗಿಸಿ, ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳು ಆಸ್ಪತ್ರೆಯಲ್ಲಿಯೇ ತರಬೇತಿ ನೀಡುವ ಎರಡು ವರ್ಷದ ಎಂ.ಫಿಲ್. ನಡೆಸಿಕೊಂಡು ಬಂದಿವೆ. ಎಂ.ಫಿಲ್. ಪ್ರವೇಶಕ್ಕೆ 2025-26ನೇ ಸಾಲಿನವರೆಗೆ ಮಾತ್ರ ಅನುಮತಿ ನೀಡಲಾಗಿತ್ತು. ಪರಿಷತ್ತು ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿ ಹಾಗೂ ನಾಲ್ಕು ವರ್ಷದ ಸೈ.ಡಿ. ಕೋರ್ಸುಗಳನ್ನು ರೂಪಿಸಿದೆ.

ಇಲ್ಲಿಯೇ ಅನೇಕ ಕುಟುಂಬಗಳು ಹಣ ಹಾಗೂ ವರ್ಷಗಳನ್ನು ಕಳೆದುಕೊಳ್ಳುವ ಸಂಭವವಿದೆ. ಕೆಲವು ತಿಂಗಳ ಆಪ್ತಸಮಾಲೋಚನಾ ಡಿಪ್ಲೊಮಾದಿಂದ ಈ ನೋಂದಣಿ ದೊರೆಯದು. ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ಮನಃಶಾಸ್ತ್ರ ಪದವಿಗೆ ಹೊಸ ಪ್ರವೇಶ ನೀಡುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರಲ್ಲಿ ನಿಲ್ಲಿಸಿದೆ. ಜಾಹೀರಾತು ನಂಬಿ ಶುಲ್ಕ ಕಟ್ಟುವ ಮೊದಲು ಪರಿಷತ್ತಿನ ಜಾಲತಾಣದಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ನೋಡಲು ಪಾಲಕರಿಗೆ ತಿಳಿಸುವುದು.

ಉದ್ಯೋಗದ ವಿಷಯ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕಾರ್ಯಕ್ರಮದ ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯಿದೆ. ವೈದ್ಯಕೀಯ ಕಾಲೇಜು, ವ್ಯಸನಮುಕ್ತಿ ಕೇಂದ್ರ, ವಿಶೇಷ ಮಕ್ಕಳ ಶಾಲೆಗಳಲ್ಲೂ ಅವಕಾಶಗಳಿವೆ. ನೋಂದಣಿ ಪಡೆದವರು ಸ್ವತಂತ್ರವಾಗಿಯೂ ವೃತ್ತಿ ನಡೆಸಬಹುದು. ಸರ್ಕಾರಿ ಹುದ್ದೆಗಳು ಹಲವೆಡೆ ಗುತ್ತಿಗೆ ಆಧಾರದವು ಎಂಬುದನ್ನೂ ಮುಚ್ಚಿಡದೆ ಹೇಳುವುದು ಒಳಿತು.

ಮುಂದಿನ ಗ್ರಾಮಸಭೆಯಲ್ಲಿ ಪಿ.ಯು.ಸಿ. ಹಾಗೂ ಪದವಿ ವಿದ್ಯಾರ್ಥಿಗಳ ಪಾಲಕರಿಗೆ ಈ ಮಾಹಿತಿ ಓದಿ ಹೇಳತಕ್ಕದ್ದು. ಜೊತೆಗೆ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮನಸ್ ಸಂಖ್ಯೆ 14416ನ್ನು ಪಂಚಾಯತಿ ಸೂಚನಾ ಫಲಕದಲ್ಲಿ ಬರೆಯಿಸತಕ್ಕದ್ದು.